ಸಿಕ್ಲಿಡ್ ಗುಂಪಿನಲ್ಲಿ ಜೋಡಿ ಕೂಡುವುದು, ಬಣ್ಣ ಬದಲಾಗುವುದು: ಒಂದು ಸಮಗ್ರ ಮಾರ್ಗದರ್ಶಿ

ನಿನ್ನೆವರೆಗೆ ಒಟ್ಟಿಗೆ ಸುತ್ತುತ್ತಿದ್ದ ಆರು ಮೀನುಗಳಲ್ಲಿ ಎರಡು ಇವತ್ತು ಬೆಳಿಗ್ಗೆ ಟ್ಯಾಂಕಿನ ಎಡ ಮೂಲೆ ಹಿಡಿದಿವೆ. ಉಳಿದ ನಾಲ್ಕು ಬಲಗಡೆ ಫಿಲ್ಟರ್ ಪೈಪಿನ ಹಿಂದೆ ಒತ್ತಿಕೊಂಡು ನಿಂತಿವೆ. ಮೂಲೆ ಹಿಡಿದ ಎರಡರಲ್ಲಿ ಚಿಕ್ಕದರ ಪಟ್ಟೆಗಳು ಮಸಿ ಬಳಿದ ಹಾಗೆ ಕಪ್ಪಾಗಿವೆ. ಹಿಂದೆ ನಿಂತ ನಾಲ್ಕರಲ್ಲಿ ಒಂದು ಪೂರ್ತಿ ಬೂದು. ಸಿಕ್ಲಿಡ್ ಅನ್ನುವ ಸಿಹಿನೀರಿನ ಮೀನುಗಳ ಗುಂಪು ಸಾಕುವವರಿಗೆ ಇಂಥ ಬೆಳಿಗ್ಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಇವೆರಡು ಜೋಡಿಯಾ? ಆ ಬೂದು ಮೀನಿಗೆ ಕಾಯಿಲೆಯಾ? ನಾನೇನಾದರೂ ಮಾಡಬೇಕಾ, ಸುಮ್ನೆ ಇರಬೇಕಾ?

ಇಷ್ಟು ವರ್ಷ ಈ ಮೀನುಗಳ ಮುಂದೆ ಕೂತು ನಾನು ಕಲಿತದ್ದು ಇಷ್ಟು. ಬಣ್ಣವನ್ನು ಒಂದೇ ನೋಟಕ್ಕೆ ಓದಬಾರದು. ಆ ಬಣ್ಣ ಎಷ್ಟು ಹೊತ್ತು ನಿಂತಿತು, ಅದು ಬಂದಾಗ ಮೀನಿನ ಎದುರಿಗೆ ಯಾರಿದ್ದರು ಅನ್ನುವ ಎರಡನ್ನು ಗಮನಿಸಿದರೆ ಗುಂಪಿನಲ್ಲಿ ಏನು ನಡೆಯುತ್ತಿದೆ ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ಕೆಳಗಿನ ಹಂತಗಳೆಲ್ಲ ಈ ಅಭ್ಯಾಸ ಕೂಡಿಬರಲಿ ಅಂತಲೇ ಬರೆದದ್ದು.

ಹಂತ 1: ನಿಮ್ಮ ಮೀನು ಜೋಡಿ ಕೂಡುವ ಜಾತಿಯಾ?

ಎಲ್ಲ ಸಿಕ್ಲಿಡ್‌ಗಳೂ ಜೋಡಿ ಕೂಡುವುದಿಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಕಾಯುವವರು ತುಂಬಾ ಜನ.

ಕಾನ್ವಿಕ್ಟ್, ಫೈರ್‌ಮೌತ್, ಕ್ರಿಬೆನ್ಸಿಸ್, ಏಂಜಲ್, ಡಿಸ್ಕಸ್, ರಾಮ್ ಇವೆಲ್ಲ ಜೋಡಿ ಕೂಡುವ ಮೀನುಗಳು. ಕಲ್ಲಿನ ಮೇಲೋ, ಎಲೆಯ ಮೇಲೋ, ಗುಹೆಯೊಳಗೋ ಮೊಟ್ಟೆ ಇಡುತ್ತವೆ. ಗಂಡು ಹೆಣ್ಣು ಎರಡೂ ಸೇರಿ ಮೊಟ್ಟೆ, ಮರಿ ಕಾಯುತ್ತವೆ.

ಆಫ್ರಿಕಾದ ಮಲಾವಿ ಸರೋವರದ ಮೀನುಗಳ ರೀತಿ ಬೇರೆ. ಅಲ್ಲಿ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿ ತುಂಬಿಕೊಂಡು ಸುಮಾರು 3 ವಾರ ಒಬ್ಬಳೇ ಸಾಕುತ್ತಾಳೆ. ಗಂಡಿಗೂ ಅವಳಿಗೂ ನಂಟು ಮೊಟ್ಟೆ ಇಡುವ ಹೊತ್ತಿಗಷ್ಟೇ. ಇಂಥ ಮೀನುಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಬಿಟ್ಟರೆ ಗಂಡು ಅವಳ ಬೆನ್ನು ಬಿಡದೆ ಅಟ್ಟಿ ಸುಸ್ತು ಮಾಡುತ್ತದೆ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಬೇಕು. ಗಿಡ್ಡ ಜಾತಿಯ ಎಪಿಸ್ಟೋಗ್ರಾಮಾಗಳಲ್ಲೂ ಒಂದು ಗಂಡು ಹಲವು ಹೆಣ್ಣುಗಳ ಜಾಗ ಕಾಯುವುದು ಸಾಮಾನ್ಯ.

ಈ ಮಾರ್ಗದರ್ಶಿಯ ಜೋಡಿಯ ಭಾಗ ಮೊದಲ ಬಗೆಯ ಮೀನುಗಳಿಗೆ. ಬಣ್ಣದ ಭಾಗ ಎಲ್ಲಕ್ಕೂ.

ಹಂತ 2: ಟ್ಯಾಂಕ್ ಸಿದ್ಧ ಮಾಡಿ

ಕಾನ್ವಿಕ್ಟ್ ಅಥವಾ ಫೈರ್‌ಮೌತ್‌ನ ಆರು ಮರಿಗಳಿಗೆ 120 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಬೇಕು. ಅದರಲ್ಲಿ ಸುಮಾರು 240 ಲೀಟರ್ ನೀರು ಹಿಡಿಯುತ್ತದೆ. ಕ್ರಿಬೆನ್ಸಿಸ್, ರಾಮ್‌ಗಳಿಗೆ ಇದಕ್ಕಿಂತ ಚಿಕ್ಕದು ನಡೆಯುತ್ತದೆ. ಏಂಜಲ್‌ಗೆ ಎತ್ತರ ಜಾಸ್ತಿ ಇರಲಿ. ಜೋಡಿಗಳ ವಿಷಯದಲ್ಲಿ ಉದ್ದವೇ ಮುಖ್ಯ. ಅಟ್ಟಿಸಿಕೊಂಡ ಮೀನು ಓಡಿಹೋಗಿ ಕಣ್ಣಿಗೆ ಬೀಳದ ಹಾಗೆ ನಿಲ್ಲಲು ಒಂದು ಜಾಗ ಇರಲೇಬೇಕು.

ಮೀನಿನ ಕಸದಿಂದ ಬರುವ ವಿಷಗಳನ್ನು ಕಳೆಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ಮೀನು ಬಿಡುವ ಮೊದಲು 4ರಿಂದ 6 ವಾರ ಕೊಡಿ. ನೀರು ಪರೀಕ್ಷಿಸಿದಾಗ ಆ ವಿಷಗಳು, ಅಂದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ಕಾನ್ವಿಕ್ಟ್, ಕ್ರಿಬೆನ್ಸಿಸ್‌ಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಸಾಕು. ರಾಮ್, ಡಿಸ್ಕಸ್‌ಗೆ 28ರಿಂದ 30 ಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ.

ತಳಕ್ಕೆ ಗಾಢ ಬಣ್ಣದ ಮರಳು ಹಾಕಿ. ಇದು ಬರೀ ಅಂದಕ್ಕಲ್ಲ. ಬಿಳಿ ತಳದ ಮೇಲೆ ಮೀನು ತಾನೂ ಪೇಲವವಾಗುತ್ತದೆ, ಕಪ್ಪು ತಳದ ಮೇಲೆ ಗಾಢವಾಗುತ್ತದೆ. ಬಿಳಿ ಮರಳಿನ ಟ್ಯಾಂಕಿನಲ್ಲಿ ಮೀನು ಮಂಕಾಗಿ ಕಂಡರೆ ಆ ಮಂಕು ಹೆದರಿಕೆಯದೋ ತಳದ್ದೋ ಹೇಳುವುದು ಕಷ್ಟ.

ಮೊಟ್ಟೆ ಇಡುವ ಜಾಗಗಳನ್ನು ಒಂದೇ ಕಡೆ ಇಡಬೇಡಿ. ಒಂದು ಮಣ್ಣಿನ ಹೂಕುಂಡವನ್ನು ಎಡತುದಿಯಲ್ಲಿ ಮಲಗಿಸಿ, ಇನ್ನೊಂದನ್ನು ಬಲತುದಿಯಲ್ಲಿ ಮಲಗಿಸಿ. ನಡುವೆ ಒಂದೆರಡು ಚಪ್ಪಟೆ ಕಲ್ಲು, ಒಂದು ದೊಡ್ಡ ಮರದ ಬೇರು. ಏಂಜಲ್‌ಗಳಿಗೆ ನೆಟ್ಟಗೆ ನಿಲ್ಲಿಸಿದ ಕಪ್ಪುಕಲ್ಲಿನ ಹಲಗೆ ಅಥವಾ ಅಗಲ ಎಲೆಯ ಗಿಡ.

ಹಂತ 3: ಜೋಡಿ ತರಬೇಡಿ, ಗುಂಪು ತನ್ನಿ

ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ ತಂದು ಒಂದೇ ಟ್ಯಾಂಕಿಗೆ ಬಿಟ್ಟು ಜೋಡಿಯಾಗಲಿ ಅಂದರೆ ಹತ್ತರಲ್ಲಿ ಕೆಲವು ಸಲ ಆದೀತು. ಉಳಿದ ಸಲ ಒಂದು ಮೀನು ರೆಕ್ಕೆ ಹರಿದುಕೊಂಡು ಮೇಲ್ಭಾಗದ ಮೂಲೆಯಲ್ಲಿ ಅಡ್ಡಾಡುತ್ತಿರುತ್ತದೆ. ಆರರಿಂದ ಎಂಟು ಎಳೆ ಮರಿಗಳನ್ನು ಒಟ್ಟಿಗೆ ತಂದು ಬೆಳೆಸುವುದೇ ನನ್ನ ಮಟ್ಟಿಗೆ ಸರಿಯಾದ ದಾರಿ. ಸಾಧ್ಯವಾದರೆ ಬೇರೆ ಬೇರೆ ಸಂತಾನದವು ಇರಲಿ. ಕಾನ್ವಿಕ್ಟ್‌ಗಳು ಐದಾರು ತಿಂಗಳಿಗೇ ಜೋಡಿ ನೋಡಿಕೊಳ್ಳುತ್ತವೆ. ಏಂಜಲ್‌ಗಳಿಗೆ ಅದಕ್ಕಿಂತ ಜಾಸ್ತಿ ಕಾಲ ಬೇಕು.

ಆಯ್ಕೆ ಮೀನಿಗೇ ಬಿಡಬೇಕು ಅನ್ನುವುದಕ್ಕೆ ಒಂದು ಒಳ್ಳೆಯ ಪ್ರಯೋಗ ಇದೆ. 2019ರಲ್ಲಿ ಫ್ರಾನ್ಸಿನ ಬರ್ಗಂಡಿ ವಿಶ್ವವಿದ್ಯಾಲಯದ ಸಂಶೋಧಕರು ಕಾನ್ವಿಕ್ಟ್ ಹೆಣ್ಣುಗಳಿಗೆ ಪುಟ್ಟ ಡಬ್ಬಿಯ ಮುಚ್ಚಳ ತೆರೆಯುವುದನ್ನು ಕಲಿಸಿದರು. ಒಂದು ಬಗೆಯ ಡಬ್ಬಿಯಲ್ಲಿ ಆಹಾರ, ಇನ್ನೊಂದರಲ್ಲಿ ಏನೂ ಇಲ್ಲ. ಆಮೇಲೆ ಎರಡರ ನಡುವಿನ, ಯಾವುದು ಅಂತ ಸ್ಪಷ್ಟವಿಲ್ಲದ ಡಬ್ಬಿ ಇಟ್ಟರು. ತಾನು ಮೆಚ್ಚಿದ ಗಂಡಿನ ಜೊತೆ ಇರಲು ಆಗದ ಹೆಣ್ಣುಗಳು ಒಳಗೆ ಏನೂ ಇರಲಾರದು ಅನ್ನುವ ಹಾಗೆ ಆ ಡಬ್ಬಿ ತೆರೆಯಲು ಜಾಸ್ತಿ ಹಿಂಜರಿದವು. ಜೊತೆಗಾರ ಯಾರು ಅನ್ನುವುದು ಆ ಮೀನಿಗೆ ಮುಖ್ಯ ಅಂತ ಇದರಿಂದ ತಿಳಿಯುತ್ತದೆ. ಇದನ್ನು ಓದಿದ ಮೇಲೆ ನಾನು ಮೀನುಗಳಿಗೆ ಗಂಟು ಹಾಕುವ ಕೆಲಸವನ್ನು ಪೂರ್ತಿ ಬಿಟ್ಟೆ.

ಹಂತ 4: ಗಂಡು ಯಾವುದು, ಹೆಣ್ಣು ಯಾವುದು

ಕಾನ್ವಿಕ್ಟ್‌ನಲ್ಲಿ ಸುಲಭ. ಹೆಣ್ಣಿನ ಹೊಟ್ಟೆಯ ಪಕ್ಕ ಕಿತ್ತಳೆ ಬಣ್ಣದ ಮಚ್ಚೆ ಇರುತ್ತದೆ. ಗಂಡು ದೊಡ್ಡದು, ಬೆನ್ನಿನ ರೆಕ್ಕೆಯ ತುದಿ ಉದ್ದ, ವಯಸ್ಸಾದ ಮೇಲೆ ಹಣೆ ಉಬ್ಬುತ್ತದೆ. ಇಲ್ಲಿ ಬಣ್ಣ ಹೆಣ್ಣಿಗೇ ಜಾಸ್ತಿ. ಮೀನುಗಳಲ್ಲಿ ಗಂಡೇ ಚೆಂದ ಅಂದುಕೊಂಡವರು ಇಲ್ಲಿ ಎಡವುತ್ತಾರೆ. ಕ್ರಿಬೆನ್ಸಿಸ್ ಹೆಣ್ಣಿನ ಹೊಟ್ಟೆಯೂ ಕೆಂಪು ನೇರಳೆಗೆ ತಿರುಗುತ್ತದೆ, ಅವಳು ಗಂಡಿಗಿಂತ ಗಿಡ್ಡ, ದುಂಡಗೆ. ರಾಮ್ ಹೆಣ್ಣಿನ ಹೊಟ್ಟೆಯಲ್ಲಿ ಗುಲಾಬಿ ಛಾಯೆ.

ಏಂಜಲ್, ಡಿಸ್ಕಸ್‌ಗಳಲ್ಲಿ ಹೊರಗಿನಿಂದ ಹೇಳುವುದು ಕಷ್ಟ. ಮೊಟ್ಟೆ ಇಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಚಿಕ್ಕ ಕೊಳವೆಯೊಂದು ಹೊರಗೆ ಬರುತ್ತದೆ. ಅದು ದಪ್ಪಗೆ, ತುದಿ ಮೊಂಡಾಗಿದ್ದರೆ ಹೆಣ್ಣು. ಸಣ್ಣಗೆ ಚೂಪಾಗಿದ್ದರೆ ಗಂಡು. ಅಲ್ಲಿಯವರೆಗೆ ಯಾರು ಖಂಡಿತವಾಗಿ ಹೇಳಿದರೂ ನಂಬಬೇಡಿ. ನನ್ನ ಹತ್ತಿರ ಒಂದು ಏಂಜಲ್ ಜೋಡಿ ಇತ್ತು. ಎಲೆ ಒರೆಸಿದವು, ಮೊಟ್ಟೆ ಇಟ್ಟವು, ಒಟ್ಟಿಗೆ ಕಾದವು. ಎರಡು ಸಲವೂ ಮೂರನೇ ದಿನಕ್ಕೆ ಮೊಟ್ಟೆಗಳೆಲ್ಲ ಬಿಳಿಯಾಗಿ ಹಾಳಾದವು. ನೀರು ಸರಿ ಇಲ್ಲ ಅಂತ ನಾನು ಒಂದು ತಿಂಗಳು ನೀರಿನ ಹಿಂದೆ ಬಿದ್ದೆ. ಕೊನೆಗೆ ಮೊಟ್ಟೆ ಇಡುವಾಗ ಕೂತು ನೋಡಿದರೆ ಎರಡೂ ಇಡುತ್ತಿದ್ದವು. ಎರಡೂ ಹೆಣ್ಣು! ಗಂಡು ಒಲಿಯದಿದ್ದರೆ ಎರಡು ಹೆಣ್ಣುಗಳು ಹೀಗೆ ಕೂಡುವುದು ಏಂಜಲ್‌ಗಳಲ್ಲಿ ಅಪರೂಪವಲ್ಲ.

ಹಂತ 5: ಬಣ್ಣ ಎಷ್ಟು ಹೊತ್ತು ನಿಂತಿತು ನೋಡಿ

ಮೀನಿನ ಚರ್ಮದಲ್ಲಿ ಬಣ್ಣದ ಜೀವಕೋಶಗಳಿವೆ. ಕಪ್ಪಿಗೆ ಒಂದು ಬಗೆ, ಹಳದಿಗೆ ಒಂದು, ಕೆಂಪಿಗೆ ಒಂದು. ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ ನೀಲಿ, ಬೆಳ್ಳಿ ಹೊಳಪು ಕೊಡುವ ಇನ್ನೊಂದು ಬಗೆ ಇದೆ. ಕಪ್ಪು ಕೋಶದೊಳಗೆ ಮೆಲನಿನ್ ಕಣಗಳಿರುತ್ತವೆ. ಆ ಕಣಗಳು ಕೋಶದ ತುಂಬಾ ಹರಡಿದರೆ ಪಟ್ಟೆ ಕಪ್ಪಗೆ ಕಾಣುತ್ತದೆ. ನಡುವಿಗೆ ಬಂದು ಗುಡ್ಡೆಯಾದರೆ ಅದೇ ಪಟ್ಟೆ ಮಾಯವಾದಂತೆ ಕಾಣುತ್ತದೆ. ಪಟ್ಟೆ ಎಲ್ಲಿಗೂ ಹೋಗಿರುವುದಿಲ್ಲ, ಕಣಗಳು ಮಾತ್ರ ಜಾಗ ಬದಲಿಸಿರುತ್ತವೆ.

ಕ್ಷಣಗಳಲ್ಲಿ ಬಂದು ಹೋಗುವ ಬಣ್ಣ. ಇದು ನರಗಳ ಕೆಲಸ. ನೀವು ಟ್ಯಾಂಕಿನ ಹತ್ತಿರ ಹೋಗುತ್ತಿದ್ದಂತೆ ಏಂಜಲ್‌ನ ಪಟ್ಟೆ ಪೇಲವವಾಗುವುದು, ಗಾಬರಿಯಾದ ಡಿಸ್ಕಸ್‌ನ ಮೈಮೇಲೆ ಉದ್ದುದ್ದ ಪಟ್ಟೆಗಳು ಎದ್ದು ಕಾಣುವುದು, ಜಗಳದಲ್ಲಿ ಫೈರ್‌ಮೌತ್ ಕಿವಿರು ಅಗಲಿಸಿ ಕೆಂಪು ಗಂಟಲು ತೋರಿಸುವುದು. ಇಂಥದ್ದನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ದೀಪ ಹಾಕಿದ ಮೊದಲ 20 ನಿಮಿಷ ಕೂಡ ಇದೇ ಲೆಕ್ಕಕ್ಕೆ ಸೇರಿಸಿ. ಕತ್ತಲಲ್ಲಿ ತುಂಬಾ ಮೀನುಗಳು ಬಣ್ಣ ಬಿಟ್ಟುಕೊಂಡು ಮಚ್ಚೆ ಮಚ್ಚೆಯಾಗಿ ಮಲಗುತ್ತವೆ.

ಸ್ಥಾನದ ಬಣ್ಣ. ಇದನ್ನು ಅರ್ಥ ಮಾಡಿಕೊಳ್ಳಲು ಟ್ಯಾಂಗನಿಕಾ ಸರೋವರದ ಬರ್ಟೋನಿ ಅನ್ನುವ ಸಿಕ್ಲಿಡ್ ಒಳ್ಳೆಯ ಉದಾಹರಣೆ. ಜಾಗ ಹಿಡಿದ ಗಂಡಿಗೆ ನೀಲಿ ಅಥವಾ ಹಳದಿ ಹೊಳಪು, ಕಣ್ಣಿನಿಂದ ಬಾಯಿಯವರೆಗೆ ಎಳೆದ ಕಪ್ಪು ಗೆರೆ. ಜಾಗ ಇಲ್ಲದ ಗಂಡುಗಳು ಹೆಣ್ಣಿನ ಹಾಗೆ ಮರಳು ಬಣ್ಣದಲ್ಲಿ ಅಡಗಿರುತ್ತವೆ. ದೊಡ್ಡ ಗಂಡನ್ನು ಟ್ಯಾಂಕಿನಿಂದ ತೆಗೆದರೆ ಅಡಗಿದ್ದ ಒಂದು ಗಂಡು ನಿಮಿಷಗಳಲ್ಲೇ ಬಣ್ಣ ತಳೆದು ಮುಂದೆ ಬರುತ್ತದೆ. ಆ ಸ್ಥಾನ ಉಳಿಯುವಷ್ಟು ದಿನ ಬಣ್ಣವೂ ಉಳಿಯುತ್ತದೆ. ನಿಮ್ಮ ಟ್ಯಾಂಕಿನಲ್ಲೂ ನಡೆಯುವುದು ಹೆಚ್ಚುಕಡಿಮೆ ಇದೇ. ವಾರಗಟ್ಟಲೆ ಬೂದಾಗಿಯೇ ಇರುವ, ಆದರೆ ಆಹಾರ ಹಾಕಿದರೆ ಓಡಿಬರುವ ಮೀನಿಗೆ ಸ್ಥಾನ ಸಿಕ್ಕಿಲ್ಲ ಅಷ್ಟೇ.

ನನ್ನ ಮೊದಲ ಗುಂಪಿನಲ್ಲಿ ಇಂಥದ್ದೊಂದು ಮೀನಿತ್ತು. ಬಣ್ಣ ಹೋಗಿದೆ, ಮೂಲೆ ಬಿಡುತ್ತಿಲ್ಲ, ಕಾಯಿಲೆಯೇ ಇರಬೇಕು ಅಂತ ಇಡೀ ಟ್ಯಾಂಕಿಗೆ ಔಷಧಿ ಸುರಿದೆ. ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರಿತು. ಚೆನ್ನಾಗಿದ್ದ ಎರಡು ಮೀನು ಹೋದವು. ಆ ಬೂದು ಮೀನನ್ನು ಬೇರೆ ಟ್ಯಾಂಕಿಗೆ ಹಾಕಿದ ಸಂಜೆಯೇ ಅದರ ಪಟ್ಟೆಗಳು ವಾಪಸ್ ಬಂದವು. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಹಾಗಾದರೆ ಕಾಯಿಲೆ ಅಂತ ಯಾವಾಗ ಅನುಮಾನ ಪಡಬೇಕು? ಬಣ್ಣ ಹೋಗುವುದರ ಜೊತೆಗೆ ಮೀನು ಆಹಾರ ಬಿಟ್ಟರೆ, ರೆಕ್ಕೆ ಮಡಚಿ ಮೈಗೆ ಅಂಟಿಸಿಕೊಂಡರೆ, ಕಿವಿರು ವೇಗವಾಗಿ ಬಡಿದರೆ, ಹಿಕ್ಕೆ ಬಿಳಿ ದಾರದಂತೆ ಬಂದರೆ. ಗುಂಪಿನಲ್ಲಿ ಎಲ್ಲವೂ ಒಂದೇ ಸಲ ಮಂಕಾದರೆ ಮೊದಲು ನೀರು ಪರೀಕ್ಷಿಸಿ. ಔಷಧಿಯ ಮಾತು ಅದರ ಮೇಲೆ.

ದಿನಗಳ ಬಣ್ಣ. ಇದು ಹಾರ್ಮೋನಿನದು, ಜೋಡಿಯ ಸುದ್ದಿ ಇಲ್ಲೇ ಇರುವುದು. ಕಾನ್ವಿಕ್ಟ್ ಹೆಣ್ಣಿನ ಪಟ್ಟೆ ಕಡುಕಪ್ಪಾಗುತ್ತದೆ, ಹೊಟ್ಟೆಯ ಕಿತ್ತಳೆ ಉರಿಯುತ್ತದೆ. ಕ್ರಿಬೆನ್ಸಿಸ್ ಹೊಟ್ಟೆ ಹಣ್ಣಿನ ಹಾಗೆ ಕೆಂಪಾಗುತ್ತದೆ. ಡಿಸ್ಕಸ್ ತಂದೆ ತಾಯಿ ಮರಿ ಸಾಕುವಾಗ ಮೈ ಗಾಢ ಮಾಡಿಕೊಳ್ಳುತ್ತವೆ. ಮರಿಗಳು ಅವುಗಳ ಮೈಗೇ ಅಂಟಿಕೊಂಡು ಚರ್ಮದ ಲೋಳೆ ತಿಂದು ಬೆಳೆಯುತ್ತವೆ. ಈ ಬಣ್ಣ ದೀಪ ಹಾಕಿದರೂ, ನೀವು ಹತ್ತಿರ ಹೋದರೂ ಅಳಿಸುವುದಿಲ್ಲ. ಮೂರು ದಿನ ಬೆಳಿಗ್ಗೆ ಸಂಜೆ ನೋಡಿದಾಗಲೂ ಅದೇ ಬಣ್ಣ ಇದ್ದರೆ ಗಂಭೀರವಾಗಿ ತೆಗೆದುಕೊಳ್ಳಿ.

ತಿಂಗಳುಗಳ ಬಣ್ಣ. ಇದು ಬೆಳವಣಿಗೆ ಮತ್ತು ಆಹಾರದ್ದು. ಮಲಾವಿಯ ಕೆನ್ಯಿ ಮರಿಗಳೆಲ್ಲ ನೀಲಿ. ಬೆಳೆದಂತೆ ಗಂಡು ಹಳದಿಯಾಗುತ್ತದೆ, ಹೆಣ್ಣು ನೀಲಿಯಾಗೇ ಉಳಿಯುತ್ತದೆ. ಅದೇ ಸರೋವರದ ಔರಾಟಸ್ ಮರಿ ಹಳದಿ, ಗಂಡು ದೊಡ್ಡದಾದಾಗ ಕಪ್ಪು. ಮಿಡಾಸ್ ಸಿಕ್ಲಿಡ್‌ಗಳಲ್ಲಿ ಕೆಲವು ಬೂದು ಮರಿಗಳು ಕಪ್ಪನ್ನು ಕಳೆದುಕೊಂಡು ಚಿನ್ನದ ಬಣ್ಣಕ್ಕೆ ತಿರುಗುತ್ತವೆ. ಬದಲಾಗುವ ನಡುವೆ ಮೈ ತೇಪೆ ಹಾಕಿದಂತೆ ಕಾಣುತ್ತದೆ, ಅದು ಚರ್ಮರೋಗ ಅಲ್ಲ. ಇನ್ನು ಕೆಂಪು ಹಳದಿಗೆ ಬೇಕಾದ ಕ್ಯಾರೊಟಿನಾಯ್ಡ್ ಅನ್ನುವ ಬಣ್ಣದ ವಸ್ತುಗಳನ್ನು ಮೀನು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಸೀಗಡಿ ಜಾತಿಯ ಪುಟ್ಟ ಜೀವಿಗಳು, ಸ್ಪಿರುಲಿನಾ ಅನ್ನುವ ಪಾಚಿ ಇರುವ ಆಹಾರವನ್ನು ಕೊಡುತ್ತಾ ಬಂದರೆ ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಹಂತ 6: ಒಂದು ನೋಟ್‌ಬುಕ್ ಇಡಿ

ದಿನಾ ಎರಡು ಹೊತ್ತು, ಹತ್ತು ಹತ್ತು ನಿಮಿಷ. ಬೆಳಿಗ್ಗೆ ದೀಪ ಹಾಕಿ ಅರ್ಧ ಗಂಟೆ ಆದ ಮೇಲೆ ಒಮ್ಮೆ, ಸಂಜೆ ಆಹಾರಕ್ಕೆ ಮುಂಚೆ ಒಮ್ಮೆ. ಪ್ರತಿ ಮೀನಿಗೂ ಒಂದು ಗುರುತು ಇಟ್ಟುಕೊಳ್ಳಿ: ಮೂರನೇ ಪಟ್ಟೆ ಕವಲಾದದ್ದು, ಬಾಲ ಸೀಳಿದ್ದು, ಹೀಗೆ. ಯಾವ ಮೀನು ಎಲ್ಲಿದೆ, ಬಣ್ಣ ಗಾಢವೋ ಪೇಲವವೋ, ಯಾರ ಪಕ್ಕದಲ್ಲಿದೆ, ಯಾರನ್ನು ಅಟ್ಟಿತು. ನಾಲ್ಕೇ ಮಾತು ಬರೆದರೆ ಸಾಕು. ಫೋನಿನಲ್ಲಿ ಫೋಟೋ ತೆಗೆದರೆ ಒಂದೇ ಬೆಳಕಿನಲ್ಲಿ, ಒಂದೇ ಜಾಗದಿಂದ ತೆಗೆಯಿರಿ. ಇಲ್ಲದಿದ್ದರೆ ಕ್ಯಾಮೆರಾವೇ ಬಣ್ಣ ಬದಲಿಸಿಬಿಡುತ್ತದೆ.

ಎರಡು ವಾರದ ಪುಟ ತಿರುವಿ ನೋಡಿದಾಗ ಯಾವ ಎರಡು ಹೆಸರು ಮತ್ತೆ ಮತ್ತೆ ಜೊತೆಗೆ ಬಂದಿವೆ ಅಂತ ತಾನಾಗೇ ಕಾಣುತ್ತದೆ.

ಹಂತ 7: ಜೋಡಿಯಾಗುವುದನ್ನು ಗುರುತಿಸಿ

ಎರಡು ಮೀನು ಪಕ್ಕದಲ್ಲಿ ನಿಂತಿವೆ ಅಂದ ಮಾತ್ರಕ್ಕೆ ಜೋಡಿ ಅಲ್ಲ. ಹೆದರಿದ ಎರಡು ಮೀನೂ ಹಾಗೇ ನಿಲ್ಲುತ್ತವೆ. ಜೋಡಿಗೆ ಜಾಗದ ಮೋಹ ಇರುತ್ತದೆ. ಎರಡೂ ಒಂದೇ ಜಾಗ ಕಾಯುತ್ತವೆ, ಬೇರೆಯವರನ್ನು ಇಬ್ಬರೂ ಸೇರಿ ಅಟ್ಟುತ್ತವೆ, ವಾಪಸ್ ಅಲ್ಲಿಗೇ ಬರುತ್ತವೆ.

ಕ್ರಿಬೆನ್ಸಿಸ್ ಹೆಣ್ಣು ಗಂಡಿನ ಎದುರು ಬಂದು ಮೈಯನ್ನು ಬಿಲ್ಲಿನ ಹಾಗೆ ಬಾಗಿಸಿ ಕೆಂಪು ಹೊಟ್ಟೆಯನ್ನು ಮುಂದೆ ಮಾಡುತ್ತದೆ. ಹಾಗೇ ಒಂದೆರಡು ಸೆಕೆಂಡು ಮೈಯೆಲ್ಲ ನಡುಗಿಸುತ್ತದೆ. ಗಂಡು ಕದಲದಿದ್ದರೆ ಗುಹೆಯ ಬಾಯಿಗೆ ಹೋಗಿ, ತಿರುಗಿ, ಮತ್ತೆ ಬಂದು ನಡುಗಿಸುತ್ತದೆ. ಕೊನೆಗೆ ಗಂಡು ಹಿಂದೆಯೇ ಹೋಗಿ ಗುಹೆಯೊಳಗೆ ಇಣುಕುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕಾಗುವುದಿಲ್ಲ.

ಕಾನ್ವಿಕ್ಟ್‌ಗಳು ಇಷ್ಟು ನಯವಲ್ಲ. ಬಾಲದಿಂದ ಒಂದರ ಮುಖಕ್ಕೆ ಇನ್ನೊಂದು ನೀರು ತಳ್ಳುತ್ತವೆ, ಬಾಯಿ ಬಾಯಿ ಕಚ್ಚಿ ಎಳೆದಾಡುತ್ತವೆ. ಮೊದಲ ಸಲ ನೋಡಿದವರು ಬಲೆ ಹಿಡಿದು ಓಡುತ್ತಾರೆ. ಸ್ವಲ್ಪ ತಡೆಯಿರಿ. ಬಿಟ್ಟ ಮೇಲೆ ಏನಾಗುತ್ತದೆ ನೋಡಿ. ಎರಡೂ ಬಣ್ಣ ಕಳೆಯದೆ, ರೆಕ್ಕೆ ಬಿಚ್ಚಿಕೊಂಡು ಪಕ್ಕಪಕ್ಕದಲ್ಲೇ ಉಳಿದರೆ ಅದು ಒಬ್ಬರನ್ನೊಬ್ಬರು ಅಳೆದು ನೋಡುವುದು. ಒಂದು ಪೇಲವವಾಗಿ ರೆಕ್ಕೆ ಮಡಚಿ ಓಡಿದರೆ, ಇನ್ನೊಂದು ಬೆನ್ನಟ್ಟಿದರೆ, ಅದು ಜಗಳ. ತಕ್ಷಣ ಬೇರೆ ಮಾಡಿ.

ಕೊನೆಯ ಗುರುತು ಕಲ್ಲು ಒರೆಸುವುದು. ಎರಡೂ ಸರದಿಯಲ್ಲಿ ಬಂದು ಒಂದು ಅಂಗೈಯಷ್ಟು ಜಾಗವನ್ನು ಬಾಯಿಂದ ಕಚ್ಚಿ ಕಚ್ಚಿ ಚೊಕ್ಕ ಮಾಡುತ್ತವೆ, ಪಾಚಿ ಹೋಗಿ ಕಲ್ಲಿನ ನಿಜ ಬಣ್ಣ ಕಾಣುತ್ತದೆ. ಕೊಳವೆ ಹೊರಗೆ ಬಂದಿರುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ. ತಡವಾದರೆ ನೀರಿನ ಕಾಲು ಭಾಗ ಬದಲಿಸಿ, ಬಿಸಿ ಒಂದು ಡಿಗ್ರಿ ಏರಿಸಿ. ತುಂಬಾ ಸಲ ಇಷ್ಟೇ ಸಾಕಾಗುತ್ತದೆ.

ಹಂತ 8: ಉಳಿದವುಗಳನ್ನು ಬೇರೆ ಮಾಡಿ

ಜೋಡಿ ಖಚಿತವಾದ ದಿನವೇ ಇದನ್ನು ಮಾಡಿ, ಮೊಟ್ಟೆ ಬರಲಿ ಅಂತ ಕಾಯಬೇಡಿ. ಮೊಟ್ಟೆ ಇಟ್ಟ ಕಾನ್ವಿಕ್ಟ್ ಜೋಡಿ ನಾಲ್ಕು ಅಡಿ ಟ್ಯಾಂಕಿನ ಮುಕ್ಕಾಲು ಭಾಗ ತನ್ನದು ಅನ್ನುತ್ತದೆ. ಉಳಿದವುಗಳನ್ನು ಹಿಡಿದು ಬೇರೆ ಟ್ಯಾಂಕಿಗೆ ಹಾಕಿ. ಜೋಡಿಯನ್ನು ಕದಲಿಸಬೇಡಿ, ಜಾಗ ಬದಲಾದರೆ ಕೆಲವು ಜೋಡಿಗಳು ಮುರಿಯುತ್ತವೆ.

ಹಂತ 9: ಮೊಟ್ಟೆ, ಮರಿ

ಹೆಣ್ಣು ರೆಕ್ಕೆಯಿಂದ ನೀರು ಬೀಸುತ್ತಾ ಮೊಟ್ಟೆಗಳ ಮೇಲೇ ನಿಲ್ಲುತ್ತದೆ, ಬಿಳಿಯಾದ ಸತ್ತ ಮೊಟ್ಟೆಗಳನ್ನು ಆರಿಸಿ ತೆಗೆಯುತ್ತದೆ. ಕಾನ್ವಿಕ್ಟ್ ಮೊಟ್ಟೆ 26 ಡಿಗ್ರಿಯ ಹತ್ತಿರ ಸುಮಾರು 3 ದಿನಕ್ಕೆ ಒಡೆಯುತ್ತದೆ. ಇನ್ನೂ ನಾಲ್ಕೈದು ದಿನ ಮರಿಗಳು ತಂದೆ ತಾಯಿ ಮರಳಿನಲ್ಲಿ ತೋಡಿದ ಗುಂಡಿಯಲ್ಲಿ ಮಿಸುಕಾಡುತ್ತಿರುತ್ತವೆ, ಹೊಟ್ಟೆಯ ಹಳದಿ ಚೀಲವೇ ಅವಕ್ಕೆ ಊಟ. ಈ ದಿನಗಳಲ್ಲಿ ಮರಿಗೆ ಏನೂ ಹಾಕಬೇಡಿ. ಈಜಲು ಶುರು ಮಾಡಿದ ದಿನದಿಂದ ಮೊಟ್ಟೆಯಿಂದ ಹೊಸದಾಗಿ ಹೊರಬಂದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮರಿಗಳನ್ನು ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಕೊಡಿ. ಫಿಲ್ಟರಿನ ಬಾಯಿಗೆ ಸ್ಪಾಂಜ್ ಸಿಗಿಸಿ, ಇಲ್ಲದಿದ್ದರೆ ಮರಿಗಳು ಒಳಗೆ ಸೆಳೆದುಹೋಗುತ್ತವೆ.

ಮೊದಲ ಒಂದೆರಡು ಸಲ ಜೋಡಿ ತನ್ನ ಮೊಟ್ಟೆಯನ್ನೇ ತಿಂದರೆ ಗಾಬರಿ ಬೇಡ. ಎಳೆಯ ಜೋಡಿಗಳು ಹಾಗೆ ಮಾಡುತ್ತವೆ, ಸಾಮಾನ್ಯವಾಗಿ ಆಮೇಲೆ ಕಲಿಯುತ್ತವೆ.

ಹಂತ 10: ಜೋಡಿ ಮುರಿದರೆ

ಇದೂ ಆಗುತ್ತದೆ. ಮೊಟ್ಟೆ ಹಾಳಾದ ಮೇಲೆ, ಇಲ್ಲವೇ ಗಂಡು ಮತ್ತೆ ಮೊಟ್ಟೆಗೆ ಸಿದ್ಧವಾಗಿ ಹೆಣ್ಣು ಆಗದಿದ್ದಾಗ. ಮೊದಲ ಸೂಚನೆ ಬಣ್ಣದಲ್ಲೇ ಸಿಗುತ್ತದೆ: ಎರಡರಲ್ಲಿ ಒಂದರ ಗಾಢ ಬಣ್ಣ ಇಳಿಯುತ್ತದೆ, ಇನ್ನೊಂದರದು ಹಾಗೇ ಇರುತ್ತದೆ. ಇಬ್ಬರ ಬಣ್ಣವೂ ಒಟ್ಟಿಗೆ ಇಳಿದರೆ ಅದು ವಿಶ್ರಾಂತಿ, ಚಿಂತೆ ಇಲ್ಲ. ಒಂದರದು ಮಾತ್ರ ಇಳಿದು ಅದು ನೀರಿನ ಮೇಲ್ಭಾಗಕ್ಕೆ, ಹೀಟರಿನ ಹಿಂದಕ್ಕೆ ಸೇರಿಕೊಂಡರೆ ಅವತ್ತೇ ನಡುವೆ ತೂತಿರುವ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿ. ನೀರು ಹರಿಯುತ್ತದೆ, ಎರಡೂ ಪರಸ್ಪರ ಕಾಣುತ್ತವೆ, ಕಚ್ಚಲು ಆಗುವುದಿಲ್ಲ. ಒಂದು ವಾರದಿಂದ ಹತ್ತು ದಿನ ಹಾಗೇ ಇರಲಿ. ಜಾಲರಿಯ ಎರಡೂ ಕಡೆ ಬಣ್ಣ ವಾಪಸ್ ಬಂದು, ಎರಡೂ ಜಾಲರಿಯ ಹತ್ತಿರವೇ ಮಲಗಲು ಶುರು ಮಾಡಿದರೆ ಸಂಜೆ ನೀವು ಎದುರಿಗೆ ಇರುವಾಗ ತೆಗೆಯಿರಿ, ಒಂದು ಗಂಟೆ ಕೂತು ನೋಡಿ. ಹೆಣ್ಣು ಇನ್ನೂ ಬೂದಾಗಿ ದೂರದ ಮೂಲೆಯಲ್ಲೇ ಇದ್ದರೆ ಅವಳನ್ನು ಗುಂಪಿನ ಟ್ಯಾಂಕಿಗೆ ಕಳಿಸಿ. ಅಲ್ಲಿ ಅವಳು ಇನ್ನೊಂದು ಗಂಡನ್ನು ನೋಡಿಕೊಳ್ಳುತ್ತಾಳೆ.